ಆರಾಮಾಗಿರುವ ಖಿಲಾರಿ ಜೋಡಿಗೂ ಥೈಲೇರಿಯಾ ಪಾಸಿಟಿವ್ ಅಂತ ಬಂದಿದೆ, ನಂಬಬೇಕಾ?

ಕೃಷ್ಣಾದಂಡೆ | ಜಮಖಂಡಿ ತಾಲೂಕು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗಬೇಡಿ.

ನಮ್ಮ ಮನೆಯಲ್ಲಿ ಎಂಟು ದನ ಇವೆ. ಎರಡು ಎಚ್‌ಎಫ್ (ಹೋಲ್‌ಸ್ಟೀನ್) ಕ್ರಾಸ್ ಆಕಳು, ಒಂದು ಜರ್ಸಿ ಕ್ರಾಸ್, ಒಂದು ಮಣಕ, ಎರಡು ಜವಾರಿ ಎಮ್ಮೆ. ಇವುಗಳ ಜೊತೆ ಅಪ್ಪ ನಮಗಿಂತ ಜಾಸ್ತಿ ಜೋಪಾನ ಮಾಡುವ ಖಿಲಾರಿ ಎತ್ತಿನ ಜೋಡಿ.

ಈ ವರ್ಷ ಕಾರಹುಣ್ಣಿಮೆ ಮುಗಿದು ನಾಲ್ಕೈದು ದಿನಕ್ಕೆ ದೊಡ್ಡ ಎಚ್‌ಎಫ್ ಆಕಳು ಗೌರಿ ಸಂಜೆ ಹಿಂಡಿ ಮುಟ್ಟಲಿಲ್ಲ. ಮೆಲುಕು ಇಲ್ಲ, ಮೈ ಕಾದ ಹಂಚಿನ ಹಾಗೆ. ಊರಲ್ಲಿ ಸೂಜಿ ಹಾಕುವವರೊಬ್ಬರು ಬಂದು ಮೂರು ದಿನ ಜ್ವರದ ಇಂಜೆಕ್ಷನ್ ಹಾಕಿದರು. ಬೆಳಿಗ್ಗೆ ಇಳಿಯುತ್ತಿತ್ತು, ಸಂಜೆ ಮತ್ತೆ ಅಷ್ಟೇ. ನಾಲ್ಕನೇ ದಿನ ಡಾಕ್ಟರ್ ಬಂದರು. ಜ್ವರ 106 ಇತ್ತು. ಭುಜದ ಮುಂದೆ ಕೈ ಇಟ್ಟು ನೋಡಿ, ಇಲ್ಲಿ ಮುಟ್ಟು ಅಂದರು. ಚರ್ಮದ ಕೆಳಗೆ ದೊಡ್ಡ ನಿಂಬೆಹಣ್ಣಿನಷ್ಟು ಗಡ್ಡೆ. ಮೂರು ದಿನ ಅದರ ಪಕ್ಕದಲ್ಲೇ ನಿಂತು ಹಾಲು ಹಿಂಡಿದ ನನಗೆ ಅದು ಕಂಡೇ ಇರಲಿಲ್ಲ! ಗಡ್ಡೆಗೆ ಸೂಜಿ ಚುಚ್ಚಿ ಗಾಜಿನ ಮೇಲೆ ಸವರಿಕೊಂಡು ಹೋದರು. ಸಂಜೆ ಫೋನ್ ಮಾಡಿ ಥೈಲೇರಿಯಾ, ಉಣ್ಣಿಯಿಂದ ಬರುವ ರಕ್ತದ ರೋಗ ಅಂದರು, ಬುಪಾರ್ವಾಕ್ವೋನ್ ಇಂಜೆಕ್ಷನ್ ಹಾಕಿದರು. ಉಳಿಯಿತು. ಆದರೆ 14 ಲೀಟರ್ ಹಾಲು 5ಕ್ಕೆ ಬಂತು, ಇವತ್ತಿಗೂ 9 ದಾಟಿಲ್ಲ. ಬಾಜು ಮನೆಯವರ ಮಣಕ ಅದೇ ವಾರ ಸತ್ತಿತು.

ಈಗ ವಿಷಯಕ್ಕೆ ಬರುತ್ತೇನೆ. ಶ್ರಾವಣದಲ್ಲಿ ಒಂದು ಕಾಲೇಜಿನ ಹುಡುಗರು ಸಂಶೋಧನೆ ಅಂತ ನಮ್ಮೂರಿಗೆ ಬಂದಿದ್ದರು. ಎಲ್ಲ ದನಗಳ ಕೊರಳಿನ ನರದಿಂದ ರಕ್ತ ತೆಗೆದುಕೊಂಡರು, ಕಿವಿಯ ತುದಿ ಚುಚ್ಚಿ ಗಾಜಿನ ಮೇಲೂ ಸವರಿಕೊಂಡರು. ನಾನು ರಿಪೋರ್ಟ್ ಬೇಕೇ ಬೇಕು ಅಂತ ಹಠ ಹಿಡಿದೆ. ಮೊನ್ನೆ ವಾಟ್ಸಾಪ್‌ನಲ್ಲಿ ಬಂತು. ಸ್ಲೈಡ್ ಕಾಲಮ್ಮಿನಲ್ಲಿ ಎಂಟಕ್ಕೆ ಎಂಟೂ ನೆಗೆಟಿವ್. ಪಿಸಿಆರ್, ಅಂದರೆ ರಕ್ತದಲ್ಲಿ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ, ಆ ಕಾಲಮ್ಮಿನಲ್ಲಿ ಆರು ಪಾಸಿಟಿವ್! ಗೌರಿ ಇದೆ, ಒಂದು ಎಮ್ಮೆ ಇದೆ, ಎರಡೂ ಎತ್ತು ಇವೆ. ಎತ್ತುಗಳಿಗೆ ಹುಟ್ಟಿದಾಗಿನಿಂದ ಒಂದು ದಿನ ಜ್ವರ ಬಂದಿದ್ದು ನಾ ಕಾಣೆ.

ಒಂದೇ ದಿನ ತೆಗೆದ ರಕ್ತದಲ್ಲಿ ಎರಡು ಉತ್ತರ ಹೇಗೆ? ಆರಕ್ಕೂ ಇಂಜೆಕ್ಷನ್ ಹಾಕಿಸಬೇಕಾ? ಅದು ಅಗ್ಗದ ಔಷಧ ಅಲ್ಲ. ಅಪ್ಪ ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಜೋಡಿ ಮಾರಿಬಿಡೋಣ ಅನ್ನುತ್ತಿದ್ದಾರೆ. ರೋಗ ಇದೆ ಅಂತ ಗೊತ್ತಿದ್ದೂ ಮಾರುವುದು ಸರಿನಾ? ಮತ್ತೆ ಈ ಹಾಲು ಮಕ್ಕಳು ಕುಡಿಯಬಹುದಾ?

ಖಿಲಾರಿ_ಹುಡುಗ | ಇಂಡಿ

ಅಣ್ಣಾ, ಜೋಡಿ ಮಾರಬೇಡಿ. ಮಷಿನ್ನಿಗೆ ಏನು ಗೊತ್ತು? ಖಿಲಾರಿಗೆ ಈ ರೋಗ ಬರಲ್ಲ. ನಮ್ಮ ಅಜ್ಜನ ಕಾಲದಿಂದ ಉಣ್ಣಿ ಇವೆ, ಎತ್ತೂ ಇವೆ. ಇದೆಲ್ಲ ಎಚ್‌ಎಫ್ ಬಂದ ಮೇಲೆ ಶುರುವಾದ ತಾಪತ್ರಯ. ರಿಪೋರ್ಟ್ ಹರಿದು ಬಿಸಾಕಿ.

ಸ್ಲೈಡುಮಾಸ್ತರ್ | ಅಥಣಿ ಕಡೆ ಪಶುವೈದ್ಯ

ತಮ್ಮಾ, ಬಿಸಾಕಬೇಡ. ಎರಡೂ ಕಾಲಮ್ ನಿಜ. ಕೇಳುವ ಪ್ರಶ್ನೆ ಬೇರೆ, ಅದಕ್ಕೇ ಉತ್ತರ ಬೇರೆ.

ಒಂದು ಚೀಲ ಜೋಳದಲ್ಲಿ ನಾಲ್ಕು ನುಸಿ ಇವೆ ಅಂದುಕೊಳ್ಳಿ. ಒಂದು ಹಿಡಿ ತೆಗೆದು ಮೊರಕ್ಕೆ ಹಾಕಿ ನೋಡಿದರೆ ಕಾಣುತ್ತಾ? ಸ್ಲೈಡ್ ಅಂದರೆ ಆ ಒಂದು ಹಿಡಿ. ಜೀಮ್ಸಾ ಬಣ್ಣ ಹಾಕಿ, ಎಣ್ಣೆ ಹನಿ ಬಿಟ್ಟು, ಕಣ್ಣು ಉರಿಯುವ ತನಕ ನೋಡಿದರೂ ನಮಗೆ ಕಾಣುವುದು ಹನಿ ರಕ್ತದಲ್ಲಿ ಎಳ್ಳಷ್ಟು ಭಾಗ. ದನಕ್ಕೆ ಜೋರು ಜ್ವರ ಇದ್ದು ರಕ್ತದ ತುಂಬ ರೋಗಾಣು ಇದ್ದಾಗ ಸ್ಲೈಡ್ ಒಳ್ಳೆ ಸಾಧನ, ಅಗ್ಗ, ಅವತ್ತೇ ಉತ್ತರ. ಪಿಸಿಆರ್ ಇಡೀ ಚೀಲದಲ್ಲಿ ಒಂದು ನುಸಿಯ ಕಾಲಿನ ತುಣುಕು ಇದ್ದರೂ ಅದನ್ನು ಲಕ್ಷಾಂತರ ಪಟ್ಟು ಮಾಡಿ ತೋರಿಸುತ್ತೆ. ಆದರೆ ಆ ನುಸಿ ಜೋಳ ತಿನ್ನುತ್ತಿದೆಯೋ ಸುಮ್ನೆ ಮಲಗಿದೆಯೋ ಅಂತ ಹೇಳಲ್ಲ.

ಥೈಲೇರಿಯಾ ಒಮ್ಮೆ ಬಂದು ವಾಸಿಯಾದ ದನದ ಕೆಂಪು ರಕ್ತಕಣಗಳಲ್ಲಿ ಅಲ್ಲೊಂದು ಇಲ್ಲೊಂದು ರೋಗಾಣು ವರ್ಷಗಟ್ಟಲೆ ಉಳಿಯುತ್ತೆ. ಇಂಜೆಕ್ಷನ್ ಹಾಕಿದರೂ ಪೂರ್ತಿ ಹೋಗಲ್ಲ. ನಾವು ಇಂಥ ದನವನ್ನು ಕ್ಯಾರಿಯರ್ ಅನ್ನುತ್ತೇವೆ. ನಿಮ್ಮ ಗೌರಿ ಈಗ ಕ್ಯಾರಿಯರ್. ಎತ್ತುಗಳು ಕರು ಇದ್ದಾಗಲೇ ಯಾವಾಗಲೋ ಉಣ್ಣಿ ಕಚ್ಚಿ, ಎರಡು ದಿನ ಮಂಕಾಗಿ, ನಿಮಗೆ ಗೊತ್ತಾಗದ ಹಾಗೆ ಎದ್ದಿರುತ್ತವೆ. ಇಂಡಿ ಕಡೆಯ ತಮ್ಮ ಹೇಳಿದ್ದು ಅರ್ಧ ಸರಿ. ಖಿಲಾರಿಗೆ ರೋಗಾಣು ಬರುತ್ತೆ, ಅದು ಸಾಮಾನ್ಯವಾಗಿ ಮಲಗಿಸಲ್ಲ. ಸಾಹಿವಾಲ್ ಅನ್ನುವ ದೇಸಿ ತಳಿಯ ಕರುಗಳಿಗೂ ಹೋಲ್‌ಸ್ಟೀನ್ ಕರುಗಳಿಗೂ ಒಂದೇ ಪ್ರಮಾಣದ ರೋಗಾಣು ಕೊಟ್ಟು ನೋಡಿದ ಪ್ರಯೋಗವೇ ಇದೆ. ಎರಡಕ್ಕೂ ಸೋಂಕು ತಗುಲಿತು. ಹೋಲ್‌ಸ್ಟೀನ್ ನೆಲ ಹಿಡಿದವು, ಸಾಹಿವಾಲ್ ತಾವಾಗಿಯೇ ಚೇತರಿಸಿಕೊಂಡವು.

ಇದೇ ಒಗಟು ಅಮೆರಿಕದಲ್ಲೂ ಇತ್ತು, ನನಗೆ ಬಹಳ ಇಷ್ಟದ ಕಥೆ, ಹೇಳದೇ ಬಿಡಲ್ಲ. ದಕ್ಷಿಣದ ಟೆಕ್ಸಾಸ್ ದನಗಳು ಗಟ್ಟಿಮುಟ್ಟಾಗಿ ಇರುತ್ತಿದ್ದವು, ಅವನ್ನು ಉತ್ತರಕ್ಕೆ ಹೊಡೆದುಕೊಂಡು ಹೋದರೆ ಅವು ನಡೆದ ದಾರಿಯಲ್ಲಿ ಮೇಯ್ದ ಉತ್ತರದ ದನಗಳು ಕೆಂಪು ಉಚ್ಚೆ ಹೊಯ್ದು ಸಾಯುತ್ತಿದ್ದವು. ದನಗಾರರು ಉಣ್ಣಿಯಿಂದಲೇ ಅಂತಿದ್ದರು, ಓದಿದವರು ನಗುತ್ತಿದ್ದರು. 1889ರಲ್ಲಿ ಕಿಲ್ಬೋರ್ನ್ ಅನ್ನುವ ಪಶುವೈದ್ಯ ಬೇಲಿ ಹಾಕಿ ನೋಡಿಯೇ ಬಿಟ್ಟ. ಒಂದು ಕಡೆ ಉಣ್ಣಿ ಇರುವ ದಕ್ಷಿಣದ ದನಗಳ ಜೊತೆ ಉತ್ತರದ ದನ ಕಟ್ಟಿದ. ಇನ್ನೊಂದು ಕಡೆ ಒಂದೊಂದೇ ಉಣ್ಣಿ ಕೈಯಿಂದ ಕಿತ್ತು ಹಾಕಿದ ದನಗಳ ಜೊತೆ. ಮತ್ತೊಂದು ಕಡೆ ದಕ್ಷಿಣದ ದನವೇ ಇಲ್ಲ, ಬರೀ ಉಣ್ಣಿ ಚೆಲ್ಲಿದ. ಮೊದಲನೇ ಮತ್ತು ಮೂರನೇ ಬೇಲಿಯ ಉತ್ತರದ ದನಗಳಿಗೆ ರೋಗ ಬಂತು, ಉಣ್ಣಿ ಕಿತ್ತ ಬೇಲಿಯಲ್ಲಿ ಬರಲಿಲ್ಲ. ಅವನೂ ಥಿಯೋಬಾಲ್ಡ್ ಸ್ಮಿತ್ ಅನ್ನುವವರೂ ಸೇರಿ 1893ರಲ್ಲಿ ಪೂರ್ತಿ ವರದಿ ಅಚ್ಚು ಹಾಕಿಸಿದರು. ಸೊಳ್ಳೆಯಲ್ಲಿ ಮಲೇರಿಯಾ ರೋಗಾಣುವನ್ನು ರೊನಾಲ್ಡ್ ರಾಸ್ ಸಿಕಂದರಾಬಾದ್‌ನಲ್ಲಿ ಕಂಡಿದ್ದು 1897ರಲ್ಲಿ. ಅಂದರೆ ದನದ ಉಣ್ಣಿ ಮೊದಲು, ಸೊಳ್ಳೆ ಆಮೇಲೆ.

ಆ ರೋಗ ಬೆಬೇಸಿಯಾ, ನಿಮ್ಮದು ಥೈಲೇರಿಯಾ. ಆದರೆ ಟೆಕ್ಸಾಸ್ ದನದ ಜಾಗದಲ್ಲಿ ನಿಮ್ಮ ಖಿಲಾರಿ ಜೋಡಿ ಇಟ್ಟು, ಉತ್ತರದ ದನದ ಜಾಗದಲ್ಲಿ ಗೌರಿಯನ್ನು ಇಟ್ಟು ನೋಡಿ.

ಹಾಗಾಗಿ ಆರಾಮಾಗಿರುವ ದನಕ್ಕೆ ಇಂಜೆಕ್ಷನ್ ಬೇಡ. ದುಡ್ಡು ದಂಡ, ರೋಗಾಣುವಿಗೆ ಔಷಧದ ರುಚಿ ಹತ್ತಿಸಿದ ಹಾಗೆ. ಇರಾನ್, ಟ್ಯುನೀಷಿಯಾ ಕಡೆ ಬುಪಾರ್ವಾಕ್ವೋನ್‌ಗೆ ಬಗ್ಗದ ಥೈಲೇರಿಯಾ ಸಿಕ್ಕಿದೆ. ನಮಗಿರುವ ಒಳ್ಳೆಯ ಔಷಧ ಅದೊಂದೇ. ಅದನ್ನೂ ಅಂದಾಜಿನ ಮೇಲೆ ಅರ್ಧ ಬಾಟಲಿ ಹಾಕುವವರು ಇದ್ದಾರೆ. 20 ಕಿಲೋ ತೂಕಕ್ಕೆ 1 ಎಂಎಲ್ ಲೆಕ್ಕ, 400 ಕಿಲೋ ಆಕಳಿಗೆ 20 ಎಂಎಲ್.

ಹಾಲು ಕಾಯಿಸಿ ಕುಡಿಯಿರಿ, ಈ ರೋಗ ಮನುಷ್ಯರಿಗೆ ಬರಲ್ಲ. ಆದರೆ ಔಷಧ ಹಾಕಿದ ದನದ ಹಾಲು ಎಷ್ಟು ದಿನ ಬಿಡಬೇಕು ಅಂತ ಹಾಕಿದ ಡಾಕ್ಟರನ್ನೇ ಕೇಳಿ.

ಒಂದು ಪ್ರಶ್ನೆ ನನ್ನದು. ಎತ್ತು ಮತ್ತು ಆಕಳು ಒಂದೇ ಕೊಟ್ಟಿಗೆಯಲ್ಲಿ ಇವೆಯಾ? ಗೋಡೆ ಯಾವುದು?

ಕೃಷ್ಣಾದಂಡೆ

ಸರ್, ಒಂದೇ ಕೊಟ್ಟಿಗೆ, ಕಲ್ಲು ಮಣ್ಣಿನ ಹಳೇ ಗೋಡೆ. ಅಪ್ಪನ ಅಪ್ಪ ಕಟ್ಟಿಸಿದ್ದು. ಎತ್ತು ಗೋಡೆ ಕಡೆ, ಆಕಳು ಈ ಕಡೆ.

ನೀವು ಕೇಳಿದ್ದಕ್ಕೆ ರಾತ್ರಿ ಹತ್ತು ಗಂಟೆಗೆ ಟಾರ್ಚ್ ತೆಗೆದುಕೊಂಡು ಹೋದೆ. ದನದ ಮೈಮೇಲೆ ಜಾಸ್ತಿ ಕಾಣಲಿಲ್ಲ, ಕೆಚ್ಚಲ ಹಿಂದೆ ನಾಲ್ಕೈದು ಇದ್ದವು. ಆಮೇಲೆ ಗೋದಲಿ ಮೇಲಿನ ಕಲ್ಲಿನ ಸಂದಿಗೆ ಬೆಳಕು ಬಿಟ್ಟೆ. ಮೊದಲು ಹುಣಸೆ ಬೀಜ ತುರುಕಿದ್ದಾರೆ ಅನ್ನಿಸಿತು. ಕಡ್ಡಿ ಹಾಕಿ ಕೆದರಿದರೆ ಬೀಜಕ್ಕೆ ಕಾಲು ಬಂದವು. ಒಂದೇ ಸಂದಿಯಲ್ಲಿ ಮೂವತ್ತು ಎಣಿಸಿ ಬಿಟ್ಟುಬಿಟ್ಟೆ. ಕಂದು ಬಣ್ಣ, ಉದ್ದ ಕಾಲು, ಕಾಲಿನ ಗಂಟಿನಲ್ಲಿ ತಿಳಿ ಪಟ್ಟೆ. ಇನ್ನೊಂದು ಸಂದಿಯಲ್ಲಿ ಸಾಬುದಾನಿ ಮುದ್ದೆ ಆದ ಹಾಗೆ ಕಂದು ಮೊಟ್ಟೆಯ ಗುಂಪು. ಆರು ವರ್ಷದಿಂದ ನಾನು ದನದ ಮೈಗೆ ಔಷಧ ಹೊಡೆಯುತ್ತಿದ್ದೇನೆ, ಗೋಡೆ ಕಡೆ ಒಂದು ಸಲ ನೋಡಿಲ್ಲ. ಸಿಕ್ಕಿದ್ದನ್ನೆಲ್ಲ ಉಗುರಿನಿಂದ ಕುಕ್ಕಿ ಸಾಯಿಸಿದೆ. ನಿದ್ದೆ ಬರಲಿಲ್ಲ.

ಸ್ಲೈಡುಮಾಸ್ತರ್

ಉಗುರಿನಿಂದ ಕುಕ್ಕಬೇಡಿ! ಇವತ್ತಿಗೆ ಕೊನೆ ಮಾಡಿ. ನೀವು ಹೇಳಿದ ಗುರುತು ಹಯಲೋಮ್ಮಾ ಉಣ್ಣಿಯದು. ಥೈಲೇರಿಯಾ ಮನುಷ್ಯರಿಗೆ ಬರಲ್ಲ ಸರಿ, ಆದರೆ ಇದೇ ಉಣ್ಣಿ ಕ್ರಿಮಿಯನ್ ಕಾಂಗೋ ಜ್ವರದ ವೈರಸ್ಸನ್ನೂ ಹೊರಬಲ್ಲದು. 2011ರಲ್ಲಿ ಗುಜರಾತಿನಲ್ಲಿ ಅದು ಪತ್ತೆಯಾಯಿತು, ಜನ ಸತ್ತರು. ನಮ್ಮ ಕಡೆ ಬಂದಿದೆ ಅಂತ ಹೆದರಿಸುತ್ತಿಲ್ಲ, ಸುಮ್ನೆ ಕೈಗೆ ರಕ್ತ ಯಾಕೆ ಹಚ್ಚಿಕೊಳ್ಳುತ್ತೀರಿ? ಇಕ್ಕಳದಿಂದ ಹಿಡಿದು ಸೀಮೆಎಣ್ಣೆ ಡಬ್ಬಿಗೆ ಹಾಕಿ. ಮಲೆನಾಡಿನ ಮಂಗನ ಕಾಯಿಲೆ ತರುವುದು ಬೇರೆ ಜಾತಿಯ ಉಣ್ಣಿ, ಅದನ್ನು ಇದಕ್ಕೆ ಸೇರಿಸಿ ಗಾಬರಿ ಆಗಬೇಡಿ.

ಈ ಗೋಡೆ ಉಣ್ಣಿಯ ಬದುಕು ಹೀಗಿದೆ. ಮರಿ ಇದ್ದಾಗ ಕ್ಯಾರಿಯರ್ ದನದ ರಕ್ತ ಕುಡಿಯುತ್ತೆ, ರೋಗಾಣು ಒಳಗೆ ಹೋಗುತ್ತೆ. ಕೆಳಗೆ ಬಿದ್ದು ಗೋಡೆ ಸಂದಿ ಸೇರಿ ಪೊರೆ ಬಿಡುತ್ತೆ. ದೊಡ್ಡದಾಗಿ ಮತ್ತೆ ಹತ್ತಿದಾಗ ಹೊಸ ದನಕ್ಕೆ ಅಂಟಿಸುತ್ತೆ. ತಾಯಿ ಉಣ್ಣಿಯಿಂದ ಮೊಟ್ಟೆಗೆ ಥೈಲೇರಿಯಾ ಹೋಗಲ್ಲ. ಬೆಬೇಸಿಯಾ ಹೋಗುತ್ತೆ. ಅದನ್ನು ತರುವುದು ಮೈಮೇಲೇ ಮೂರು ವಾರ ಕೂತು ಬೂದು ಬಣ್ಣಕ್ಕೆ ಊದಿಕೊಳ್ಳುವ ಇನ್ನೊಂದು ಉಣ್ಣಿ. ಅದಕ್ಕೆ ಮೈಮೇಲಿನ ಔಷಧ ಸಾಕಾಗಬಹುದು, ಈ ಗೋಡೆ ಉಣ್ಣಿಗೆ ಸಾಕಾಗಲ್ಲ.

ಇನ್ನೊಂದು ಉಪಯೋಗದ ಮಾತು. ಕಚ್ಚಿದ ತಕ್ಷಣ ಥೈಲೇರಿಯಾ ಅಂಟಲ್ಲ. ಉಣ್ಣಿಯ ಜೊಲ್ಲು ಗ್ರಂಥಿಯಲ್ಲಿ ರೋಗಾಣು ಹಣ್ಣಾಗಲು ಎರಡು ಮೂರು ದಿನ ರಕ್ತ ಹೀರಬೇಕು. ದಿನಾ ಹಾಲು ಹಿಂಡುವಾಗ ಕೆಚ್ಚಲು, ತೊಡೆಸಂದಿ, ಬಾಲದ ಬುಡ, ಕಿವಿ ಒಳಗೆ ಕೈಯಾಡಿಸಿ ಕಿತ್ತರೂ ಲಾಭ ಇದೆ.

ಗೋಕಾಕಿನ_ಅಕ್ಕ

ನನ್ನ ಹತ್ತಿರ ಹನ್ನೆರಡು ಎಚ್‌ಎಫ್ ಇವೆ. ತಮ್ಮಾ, ಇದರಲ್ಲಿ ನಾನು ದುಡ್ಡು ಕಳೆದುಕೊಂಡೇ ಕಲಿತವಳು.

ಗೋಡೆಗೆ ಮೊದಲು ಬ್ಲೋ ಲ್ಯಾಂಪ್ ಹಿಡಿಸಿದೆ. ಉಣ್ಣಿ ಪಟಪಟ ಅಂದವು, ಅದರ ಜೊತೆ ಮೇಲಿನ ಕಣಿಕೆ ಬಣವೆಗೂ ಕಿಡಿ ಹಾರಿತು. ಮನೆಯವರು ಇವತ್ತಿಗೂ ಅದನ್ನು ಆಡಿ ತೋರಿಸುತ್ತಾರೆ. ಹಿಡಿಸುವುದಾದರೆ ದನ ಹೊರಗೆ ಕಟ್ಟಿ, ಮೇವು ದೂರ ಹಾಕಿ, ನೀರಿನ ಪೈಪು ಕೈಯಲ್ಲೇ ಇಟ್ಟುಕೊಳ್ಳಿ. ಆಮೇಲೆ ಸಂದಿ ಎಲ್ಲ ಸಿಮೆಂಟ್ ಹಾಕಿ ಮುಚ್ಚಿಸಿ ಸುಣ್ಣ ಬಳಿಸಿದೆ. ನಿಜವಾಗಿ ಕೆಲಸ ಮಾಡಿದ್ದು ಸಿಮೆಂಟೇ.

ಮೈಗೆ ಹೊಡೆಯುವ ಔಷಧ ಬಾಟಲಿ ಮೇಲೆ ಬರೆದಷ್ಟೇ ಹಾಕಿ. ನಮ್ಮಲ್ಲಿ ಒಬ್ಬ ಆಳು ಉಳಿತಾಯ ಅಂತ ಅರ್ಧ ಹಾಕಿ ನೀರು ಜಾಸ್ತಿ ಮಾಡುತ್ತಿದ್ದ. ಸಾಯದ ಉಣ್ಣಿ ಆ ಔಷಧಕ್ಕೇ ಹೊಂದಿಕೊಳ್ಳುತ್ತವೆ ಅಂತ ಡಾಕ್ಟರ್ ಬೈದರು. ಸೈಪರ್‌ಮೆಥ್ರಿನ್ ಅನ್ನುವ ಉಣ್ಣಿ ಔಷಧಕ್ಕೆ ಸಾಯದ ಉಣ್ಣಿ ದೇಶದ ಎಷ್ಟೋ ಕಡೆ ಸಿಕ್ಕಿವೆಯಂತೆ. ಹೊಡೆಯುವ ಮುಂಚೆ ದನಕ್ಕೆ ಹೊಟ್ಟೆ ತುಂಬ ನೀರು ಕುಡಿಸಿ, ಇಲ್ಲ ಅಂದರೆ ಮೈ ನೆಕ್ಕುತ್ತವೆ. ಬಿಸಿಲಲ್ಲಿ ಬೇಡ. ಕೂದಲಿನ ಎದುರು ದಿಕ್ಕಿಗೆ ಹೊಡೆಯಿರಿ. ಗೋಡೆಗೂ ಹೊಡೆಯಿರಿ. ಮತ್ತೆ ಎತ್ತು, ಎಮ್ಮೆ ಬಿಟ್ಟು ಬರೀ ಆಕಳಿಗೆ ಹೊಡೆದು ಬರಬೇಡಿ, ಎಲ್ಲಕ್ಕೂ ಒಂದೇ ದಿನ.

ಜವಾರಿ ಕೋಳಿ ಹತ್ತು ಬಿಟ್ಟಿದ್ದೇನೆ. ಬೆಳಿಗ್ಗೆ ಆಕಳು ಮಲಗಿರುವಾಗ ತೊಡೆ ಹತ್ತಿರ ನಿಂತು ಒಂದೊಂದೇ ಹೆಕ್ಕುತ್ತವೆ, ಆಕಳು ಕಾಲು ಎತ್ತಿ ಕೊಡುತ್ತೆ. ಇವಕ್ಕೆ ಒಪ್ಪಂದ ಆದ ಹಾಗೆ. ಗೋಡೆಗೆ ಔಷಧ ಹೊಡೆದ ದಿನ ಮಾತ್ರ ಕೋಳಿ ಕೂಡಿ ಹಾಕಿ.

ಲಸಿಕೆ ಬಗ್ಗೆ ಯಾರೂ ಹೇಳಿಲ್ಲ. ಥೈಲೇರಿಯಾಕ್ಕೆ ಲಸಿಕೆ ಇದೆ, ರಕ್ಷಾವ್ಯಾಕ್-ಟಿ ಅಂತ. ಮೂರು ತಿಂಗಳು ದಾಟಿದ ಕ್ರಾಸ್ ಕರುಗಳಿಗೆ, ಜೀವನದಲ್ಲಿ ಒಂದು ಸಲ. ತೊಂದರೆ ಏನೆಂದರೆ ಅದರಲ್ಲಿ ಇರುವುದು ಜೀವಂತ ಕಣ, ಐಸ್ ಡಬ್ಬಿಯಲ್ಲಿ ತರಲು ಆಗಲ್ಲ. ವೀರ್ಯದ ಕಡ್ಡಿ ಇಡುತ್ತಾರಲ್ಲ, ಆ ಹೊಗೆ ಬರುವ ದ್ರವ ಸಾರಜನಕದ ಕ್ಯಾನ್ ಬೇಕು. ಕರಗಿಸಿದ ಮೇಲೆ ಇಡುವ ಹಾಗಿಲ್ಲ. ಒಬ್ಬರ ಎರಡು ಕರುವಿಗೆ ಯಾರು ತರುತ್ತಾರೆ? ನಾವು ಸುತ್ತಲಿನ ಒಂಬತ್ತು ಮನೆಯವರು ಸೇರಿ ಒಂದೇ ದಿನ ಎಲ್ಲ ಕರು ಕಟ್ಟಿ ಹಾಕಿಸಿದೆವು. ಗಬ್ಬದ ಆಕಳಿಗೆ ಹಾಕಿಸುವ ಮೊದಲು ಡಾಕ್ಟರ್ ಹತ್ತಿರ ಮಾತಾಡಿ.

ಕೊನೆಗೆ ನನ್ನ ಸಂಕಟ ಒಂದು. ಹೋದ ವರ್ಷ ಒಂದು ಶಿಬಿರದಲ್ಲಿ ಸಾಲಾಗಿ ದನ ನಿಲ್ಲಿಸಿ ಒಂದೇ ಸೂಜಿಯಿಂದ ಎಲ್ಲಕ್ಕೂ ಹಾಕಿಕೊಂಡು ಹೋದರು. ಕೇಳಿದ್ದಕ್ಕೆ "ಏನಾಗಲ್ಲ ಅಕ್ಕಾ" ಅಂದರು. ಒಂದು ತಿಂಗಳಿಗೆ ಮೂರು ಆಕಳು ಕಣ್ಣು ಬಿಳಚಿ, ಆಮೇಲೆ ಹಳದಿ, ಸೆಗಣಿ ಗಟ್ಟಿ ಉಂಡೆ. ಅನಾಪ್ಲಾಸ್ಮಾ ಅನ್ನುವ ಇನ್ನೊಂದು ರಕ್ತದ ರೋಗ ಅಂತ ಬಂತು. ಸೂಜಿಯಿಂದಲೇ ಬಂತು ಅಂತ ನಾನು ಹೇಗೆ ಸಾಬೀತು ಮಾಡಲಿ? ಆದರೆ ಅಂದಿನಿಂದ ನಮ್ಮ ಮನೆಗೆ ಯಾರೇ ಬಂದರೂ ಸೂಜಿ ನಂದು.

ಜೆಲ್_ಬ್ಯಾಂಡ್ | ಸ್ನಾತಕೋತ್ತರ ವಿದ್ಯಾರ್ಥಿ, ಊರು ಬಸವನ ಬಾಗೇವಾಡಿ

ಅಕ್ಕ ಹೇಳಿದ್ದಕ್ಕೆ ಆಧಾರ ಇದೆ. ಅನಾಪ್ಲಾಸ್ಮಾ ಉಣ್ಣಿಯಿಂದಲೂ ಬರುತ್ತೆ, ಕಚ್ಚುವ ದನದ ನೊಣದಿಂದಲೂ, ರಕ್ತ ಹತ್ತಿದ ಸೂಜಿಯಿಂದಲೂ. ಅದು ನಿಜವಾಗಿ ಬ್ಯಾಕ್ಟೀರಿಯಾ, ಅದಕ್ಕೇ ಆಕ್ಸಿಟೆಟ್ರಾಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ನಾಟುತ್ತೆ. ಥೈಲೇರಿಯಾ, ಬೆಬೇಸಿಯಾ ಏಕಕೋಶದ ಪರಾವಲಂಬಿಗಳು, ಮಲೇರಿಯಾದ ದೂರದ ನೆಂಟರು. ಅದಕ್ಕೇ "ರಕ್ತದ ರೋಗ" ಅಂತ ಒಂದೇ ಚೀಲಕ್ಕೆ ತುಂಬಿ ಒಂದೇ ಇಂಜೆಕ್ಷನ್ ಹಾಕಿದರೆ ಆಗಲ್ಲ. ಉಚ್ಚೆ ಕಾಫಿ ಬಣ್ಣಕ್ಕೆ ಬಂದರೆ ಬೆಬೇಸಿಯಾ ಅಂತ ಮೊದಲ ಅನುಮಾನ. ಭುಜದ ಗಡ್ಡೆ ಊದಿದ್ದರೆ ಥೈಲೇರಿಯಾ. ಜ್ವರದ ಜೊತೆ ಮಲಬದ್ಧತೆ, ಕಾಮಾಲೆ ಇದ್ದು ಉಚ್ಚೆ ಕೆಂಪಾಗದಿದ್ದರೆ ಅನಾಪ್ಲಾಸ್ಮಾ. ಎರಡು ಸೇರಿಯೂ ಬರಬಹುದು, ಆಗ ಗೊಂದಲ.

ಆ ಗಡ್ಡೆ ಯಾಕೆ ಊದುತ್ತೆ ಗೊತ್ತಾ? ನನ್ನನ್ನು ಈ ವಿಷಯಕ್ಕೆ ಎಳೆದದ್ದೇ ಅದು. ಉಣ್ಣಿಯ ಜೊಲ್ಲಿನಿಂದ ಬಂದ ಥೈಲೇರಿಯಾ ಮೊದಲು ಹೊಗುವುದು ಬಿಳಿ ರಕ್ತಕಣಕ್ಕೆ. ಅದನ್ನು ಕೊಲ್ಲಲ್ಲ, ಕ್ಯಾನ್ಸರ್ ಕಣದ ಹಾಗೆ ಒಡೆದು ಒಡೆದು ಬೆಳೆಯುವ ಹಾಗೆ ಮಾಡುತ್ತೆ. ಕಣ ಎರಡಾಗುವಾಗ ರೋಗಾಣುವೂ ಎರಡು ಪಾಲಾಗಿ ಎರಡೂ ಕಡೆ ಹೋಗುತ್ತೆ. ಅಣ್ಣ ತಮ್ಮ ಹೊಲ ಹಂಚಿಕೊಂಡ ಹಾಗೆ, ಆದರೆ ಇಲ್ಲಿ ಜಗಳ ಇಲ್ಲ. ಬುಪಾರ್ವಾಕ್ವೋನ್ ಹಾಕಿ ರೋಗಾಣು ಸತ್ತರೆ ಆ ಕಣದ ಹುಚ್ಚು ಬೆಳವಣಿಗೆ ನಿಲ್ಲುತ್ತೆ. ಕ್ಯಾನ್ಸರ್ ಓದುವವರಿಗೂ ಇದರ ಮೇಲೆ ಕಣ್ಣು. ಇದರ ಪೂರ್ತಿ ಜೀನೋಮ್ 2005ರಲ್ಲೇ ಹೊರಬಂದಿದೆ. ಅಕ್ಕ ಹೇಳಿದ ಲಸಿಕೆಯೂ ಇದೇ ಕಣಗಳದು. ಪ್ರಯೋಗಾಲಯದಲ್ಲಿ ಬಹಳ ಕಾಲ ಬೆಳೆಸಿ ಬೆಳೆಸಿ ಅದರ ಹಲ್ಲು ಕಿತ್ತಿರುತ್ತಾರೆ.

ಡಾಕ್ಟರ್ ಗೌರಿಯ ಗಡ್ಡೆಗೆ ಸೂಜಿ ಹಾಕಿದ್ದು ಆ ಕಣ ನೋಡಲು. ನೀಲಿ ಬಣ್ಣದ ಚುಕ್ಕೆ ಗುಂಪು ಕಾಣುತ್ತೆ, ಕಾಕ್ಸ್ ಬ್ಲೂ ಬಾಡಿ ಅಂತಾರೆ. ಕ್ಷಯದ ರೋಗಾಣು ಕಂಡುಹಿಡಿದ ರಾಬರ್ಟ್ ಕಾಕ್ ಹೆಸರು. ಮೊದಲ ಸಲ ನಾನೇ ಕಂಡಾಗ ಲ್ಯಾಬಿನಲ್ಲಿ ಎಲ್ಲರನ್ನೂ ಕರೆದು ತೋರಿಸಿದ್ದೆ, ಯಾರಿಗೂ ಆಶ್ಚರ್ಯ ಆಗಲಿಲ್ಲ.

ಕೃಷ್ಣಾದಂಡೆ ಅಣ್ಣ, ನಿಮ್ಮ ರಿಪೋರ್ಟಿನಲ್ಲಿ ಒಂದು ನೋಡಿ. ಬರೀ "ಥೈಲೇರಿಯಾ" ಅಂತ ಇದೆಯಾ, "ಥೈಲೇರಿಯಾ ಆನ್ಯುಲೇಟಾ" ಅಂತ ಇದೆಯಾ? ಪಿಸಿಆರ್ ಹುಡುಕುವುದು ನಾವು ಕೊಟ್ಟ ಗುರುತನ್ನು ಮಾತ್ರ. ಕೆಲವು ಗುರುತು ಇಡೀ ಥೈಲೇರಿಯಾ ಕುಲಕ್ಕೆ ಹೊಂದುತ್ತವೆ. ಕೆಲವು ಈ ಜೋರು ರೋಗ ತರುವ ಆನ್ಯುಲೇಟಾ ಒಂದಕ್ಕೇ. ನಮ್ಮ ದೇಶದ ದನಗಳಲ್ಲಿ ಥೈಲೇರಿಯಾ ಓರಿಯಂಟಾಲಿಸ್ ಅಂತ ಇನ್ನೊಂದು ಇದೆ, ಅದನ್ನು ಹರಡುವುದು ಹಯಲೋಮ್ಮಾ ಅಲ್ಲ. ಅದು ಬಹಳ ಸಲ ಸುಮ್ನೆ ರಕ್ತದಲ್ಲಿ ಕೂತಿರುತ್ತೆ. ಎತ್ತುಗಳಲ್ಲಿ ಯಾವುದಿದೆ ಅಂತ ಗೊತ್ತಾಗದೆ ಅವುಗಳ ಮೇಲೆ ತಪ್ಪು ಹೊರಿಸಬೇಡಿ.

ಮತ್ತೆ ಒಂದು ತಪ್ಪೊಪ್ಪಿಗೆ. ನಾನೂ ಹಳ್ಳಿಗಳಿಗೆ ಹೋಗಿ ರಕ್ತ ತಂದಿದ್ದೇನೆ. ಟ್ಯೂಬ್ ಮೇಲೆ ನಂಬರ್ ಬರೆಯುತ್ತೇವೆ, ಪ್ರಬಂಧದಲ್ಲಿ ಶೇಕಡಾ ಬರೆಯುತ್ತೇವೆ, ಯಾರ ಆಕಳು ಅಂತ ನೋಟ್‌ಬುಕ್ಕಿನಲ್ಲೇ ಉಳಿಯುತ್ತೆ. ನಿಮ್ಮ ಹಾಗೆ ಹಠ ಹಿಡಿದವರು ನಮಗೆ ಒಬ್ಬರೂ ಸಿಗಲಿಲ್ಲ. ಈ ಥ್ರೆಡ್ ಓದಿ ನಿನ್ನೆ ಹಳೇ ನೋಟ್‌ಬುಕ್ ತೆಗೆದಿದ್ದೇನೆ.

ಬಿಳಿಜೋಳ | ಹುನಗುಂದ

ಎಲ್ಲ ಓದಿದೆ. ಒಂದು ಅನುಮಾನ. ಉಣ್ಣಿ ಪೂರ್ತಿ ಇಲ್ಲದ ಹಾಗೆ ಮಾಡಿದರೆ ದನಕ್ಕೆ ರೋಗ ತಡೆಯುವ ಶಕ್ತಿಯೇ ಬರಲ್ಲ ಅಂತ ಒಬ್ಬರು ಹೇಳಿದರು. ಸ್ವಲ್ಪ ಉಣ್ಣಿ ಇರಲಿ ಅಂತ. ನಿಜನಾ?

ಸ್ಲೈಡುಮಾಸ್ತರ್

ಅದು ಪೂರ್ತಿ ಸುಳ್ಳಲ್ಲ. ಬೆಬೇಸಿಯಾ, ಅನಾಪ್ಲಾಸ್ಮಾ ಎಳೇ ಕರುವಿಗೆ ತಗುಲಿದರೆ ಬಹುಪಾಲು ಹಗುರಾಗಿ ಹೋಗುತ್ತವೆ, ದೊಡ್ಡ ದನಕ್ಕೆ ಮೊದಲ ಸಲ ತಗುಲಿದರೆ ಜೋರು. ಜವಾರಿ ದನಗಳ ಊರಲ್ಲಿ ಆ ಲೆಕ್ಕ ನಡೆಯುತ್ತೆ. ಆದರೆ ಕ್ರಾಸ್ ಕರುವಿಗೆ ಆನ್ಯುಲೇಟಾ ಬಂದರೆ ಕರು ಅಂತ ಬಿಡಲ್ಲ. ಒಂದೂವರೆ ತಿಂಗಳ ಕರುವಿನ ಕಣ್ಣುಗುಡ್ಡೆ ಉಬ್ಬಿ ಹೊರಬಂದದ್ದು ನಾನೇ ನೋಡಿದ್ದೇನೆ. ನಾಲ್ಕು ಉಣ್ಣಿ ಲೆಕ್ಕ ಹಾಕಿ ಸಾಕುತ್ತೇನೆ ಅನ್ನುವವರು ಮೊದಲು ಗೋಡೆಯಲ್ಲಿರುವುದನ್ನು ಎಣಿಸಲಿ. ಅಮೆರಿಕದವರು 1906ರಲ್ಲಿ ದನಗಳನ್ನು ಔಷಧದ ತೊಟ್ಟಿಯಲ್ಲಿ ಮುಳುಗಿಸಲು ಶುರು ಮಾಡಿ, ಮೆಕ್ಸಿಕೋ ಗಡಿಯ ಪಟ್ಟಿ ಬಿಟ್ಟು ಉಳಿದ ಕಡೆ ಮುಗಿಸಿದ್ದು 1943ಕ್ಕೆ. ನಮ್ಮ ಕೈಯಲ್ಲಿ ಉಣ್ಣಿ ಪೂರ್ತಿ ಇಲ್ಲದ ಹಾಗೆ ಮಾಡುವುದು ಸದ್ಯ ಆಗದ ಮಾತು. ಹಾಗಾಗಿ ಆ ಚಿಂತೆ ಬೇಡ.

ಜೋಡಿ ಮಾರುವ ಬಗ್ಗೆ ನಾನು ಉತ್ತರ ಕೊಟ್ಟಿರಲಿಲ್ಲ. ಜಾತ್ರೆಗೆ ಬರುವ ಎಷ್ಟೋ ಎತ್ತುಗಳ ರಕ್ತ ಪಿಸಿಆರ್‌ಗೆ ಹಾಕಿದರೆ ಇದೇ ಉತ್ತರ ಬಂದೀತು. ಅದು ಎತ್ತಿನ ಐಬಲ್ಲ. ಆದರೆ ಮಾರುವ ಹತ್ತು ದಿನ ಮೊದಲೇ ಉಣ್ಣಿ ಔಷಧ ಹೊಡೆದು, ಮೈ ಚೊಕ್ಕ ಮಾಡಿ ಕೊಡಿ. ಕೊಳ್ಳುವವರ ಮನೆಯಲ್ಲಿ ಎಚ್‌ಎಫ್ ಇದ್ದರೆ ಬಾಯಿ ಬಿಟ್ಟು ಹೇಳಿ. ಹೇಳಿದರೆ ರೇಟು ಇಳಿಯುತ್ತೆ ಅನ್ನಿಸಿದರೂ ಹೇಳಿ.

ಮತ್ತೆ ಮನೆಯಲ್ಲಿ ಒಂದು ಥರ್ಮಾಮೀಟರ್ ಇಡಿ. ಆಕಳಿನ ಮಾಮೂಲು ಮೈಬಿಸಿ 101ರಿಂದ 102. ಹಿಂಡಿ ಬಿಟ್ಟ ದಿನವೇ ನೋಡಿ, 104 ದಾಟಿದರೆ ಭುಜದ ಗಡ್ಡೆ ಮುಟ್ಟಿ, ಅವತ್ತೇ ಪಶು ಆಂಬುಲೆನ್ಸ್ ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಗೌರಿಗೆ ಹೋದದ್ದು ಆ ಮೂರು ದಿನ.

ಕೃಷ್ಣಾದಂಡೆ

ತಡವಾಗಿ ಬರೆಯುತ್ತಿದ್ದೇನೆ, ಕಬ್ಬು ಕಟಾವು ನಡೆದಿತ್ತು.

ರಿಪೋರ್ಟಿನಲ್ಲಿ ಬರೀ ಥೈಲೇರಿಯಾ ಅಂತಲೇ ಇದೆ. ಆ ಹುಡುಗರಿಗೆ ಫೋನ್ ಮಾಡಿದೆ. ಕುಲದ ಗುರುತೇ ಹಾಕಿದ್ದು, ಉಳಿದ ಡಿಎನ್‌ಎ ಇದೆ, ಆನ್ಯುಲೇಟಾಕ್ಕೆ ಬೇರೆ ಹಾಕಿ ನೋಡುತ್ತೇವೆ ಅಂದರು. ನಾನು ಇಷ್ಟು ಕೇಳಿದ್ದಕ್ಕೆ ಆ ಕಡೆ ಹುಡುಗ ಸ್ವಲ್ಪ ಹೊತ್ತು ಸುಮ್ಮನಾಗಿ, ನೀವು ಏನು ಓದಿದ್ದೀರಿ ಅಂತ ಕೇಳಿದ. ಪಿಯುಸಿ ಫೇಲ್ ಅಂದೆ.

ಗೋಡೆ ಕೆಲಸ ಅರ್ಧ ಆಗಿದೆ. ಗೋದಲಿ ಮೇಲಿನ ಮೂರು ಸಾಲು ಕಲ್ಲಿನ ಸಂದಿ ಸಿಮೆಂಟ್ ಹಾಕಿಸಿದೆ, ಉಳಿದದ್ದು ಕಾರ್ಖಾನೆ ಬಿಲ್ ಬಂದ ಮೇಲೆ. ಎತ್ತುಗಳನ್ನು ಆ ಕಡೆ ಹುಣಸೆಮರದ ಕೆಳಗೆ ಕಟ್ಟುತ್ತಿದ್ದೇವೆ. ಬಾಜು ಮನೆಯವರೂ ಸೇರಿ ಲಸಿಕೆಗೆ ಹದಿನೇಳು ಕರು ಲೆಕ್ಕ ಆಗಿದೆ, ಇನ್ನೂ ಕೇಳುತ್ತಿದ್ದೇನೆ. ಥರ್ಮಾಮೀಟರ್ ತಂದೆ. ಅಪ್ಪ ದಿನಾ ಬೆಳಿಗ್ಗೆ ಎರಡೂ ಎತ್ತಿಗೆ ಹಾಕಿ ನೋಡಿ ಕ್ಯಾಲೆಂಡರ್ ಮೇಲೆ ಬರೆಯುತ್ತಾರೆ. 101.2, 101.4. ಆಕಳಿನದು ನಾನು ಬರೆದುಕೊಳ್ಳಬೇಕಂತೆ.

ಜೋಡಿ ಮಾರುತ್ತಿಲ್ಲ. ಥೈಲೇರಿಯಾದಿಂದ ಅಲ್ಲ. ಚಡಚಣ ಕಡೆಯ ಗಿರಾಕಿ ಮನೆಗೇ ಬಂದಿದ್ದರು, ಅಪ್ಪ ರಿಪೋರ್ಟ್ ತೋರಿಸಿ ಎಲ್ಲ ಹೇಳಿದರು. ಅವರು ಅದನ್ನು ಓದಲೇ ಇಲ್ಲ, ಹಲ್ಲು ನೋಡಿದರು, ಗೊರಸು ನೋಡಿದರು, ಒಂದು ರೇಟು ಹೇಳಿದರು. ಆ ರೇಟು ಕೇಳಿ ಅಪ್ಪ ಚಹಾ ಕುಡಿಸಿ ಕಳಿಸಿಬಿಟ್ಟರು.